ಎರಡು ಬಣ್ಣದ ಮಾತ್ರೆ

ಮೂಟೆ ಎತ್ತುವ ಕೊಕ್ಕೆ ನನ್ನ ಗಂಟಲಿಗೆ ತಾಗಿತ್ತು.

ಹಿಡಿದವನು ಗೋದಾಮಿನ ಮೇಸ್ತ್ರಿ. ನನ್ನ ಹಣೆ ಒಡೆದವನೂ ಅವನೇ.

"ಯಾವನೋ ನೀನು?"

"ಪತ್ತೇದಾರ. ಸತ್ತವನ ಭಾಮೈದ."

ಭಾವ ಇಲ್ಲಿ ಹಮಾಲಿಯಾಗಿದ್ದ. ಮೂಟೆಗಳ ನಡುವೆಯೇ ರಕ್ತ ಕಾರಿಕೊಂಡು ಹೋದ. ಯಾರೋ ವಿಷ ಹಾಕಿದ್ದಾರೆ ಎಂದು ಅಕ್ಕ ಹಟ ಹಿಡಿದಿದ್ದಳು. ಯಾರೆಂದು ತಿಳಿಯುವವರೆಗೆ ಅವಳಿಗೆ ನಿದ್ದೆಯಿಲ್ಲ.

ಶವಪರೀಕ್ಷೆ ಮಾಡಿದ ಡಾಕ್ಟರು ಇಲ್ಲವೆಂದು ತಲೆಯಾಡಿಸಿದ್ದರು. "ವಿಷ ಅಲ್ಲಪ್ಪ, ನೋವಿನ ಮಾತ್ರೆ. ನೋವು, ಊತ ತರೋ ರಾಸಾಯನಿಕವನ್ನ ಅದು ತಡೆಯುತ್ತೆ. ಹೊಟ್ಟೆಯ ಒಳಪದರ ಕಾಯೋದೂ ಅದೇ ರಾಸಾಯನಿಕ. ಅಳತೆ ಮೀರಿದ್ರೆ ಹುಣ್ಣು, ರಕ್ತಸ್ರಾವ; ಖಾಲಿ ಹೊಟ್ಟೇಲಾದ್ರೆ ಇನ್ನೂ ಬೇಗ. ಮಲ ಕಪ್ಪಗೆ ಹೋಗಿರುತ್ತೆ... ನಾಚಿಕೆಗೆ ಯಾರಿಗೂ ಹೇಳಿರಲ್ಲ."

"ಕೆಲಸಕ್ಕೆ ಮುಂಚೆ ಎಲ್ಲರಿಗೂ ಮಾತ್ರೆ ಹಂಚ್ತೀಯಂತೆ," ಎಂದೆ ಮೇಸ್ತ್ರಿಗೆ.

"ಸೊಂಟ ನೋವು ಅಂತ ಕೂತ್ರೆ ಲಾರಿ ನೀನು ತುಂಬ್ತೀಯಾ? ಮಿಕ್ಕವರು ಬದುಕಿಲ್ವಾ?"

ಮೊಣಕೈಯಿಂದ ಅವನ ಪಕ್ಕೆಗೆ ಬಿಟ್ಟೆ. ಕೊಕ್ಕೆ ಜಾರಿತು. ಗೋಡೆಗೆ ಒತ್ತಿ ಜೇಬು ಜಾಲಾಡಿದೆ. ಹಸಿರು ಸ್ಟ್ರಿಪ್.

"ಬುತ್ತಿ ಡಬ್ಬಿಯಿಂದಲೂ ಏನೋ ನುಂಗ್ತಿದ್ದ ನಿನ್ನ ಭಾವ," ಮೇಸ್ತ್ರಿ ಏದುಸಿರಿನಲ್ಲಿ ಹೇಳಿದ. "ಅದನ್ನೂ ನೋಡಯ್ಯ."

ಭಾವನ ಅಂಗಿ ಇನ್ನೂ ಗೂಟದಲ್ಲಿ ನೇತಾಡುತ್ತಿತ್ತು. ಕೆಳಗೆ ಬುತ್ತಿ ಡಬ್ಬಿ. ಮುಚ್ಚಳಕ್ಕೆ ಕಟ್ಟಿದ ನೀಲಿ ಸ್ಟ್ರಿಪ್, ಅವನು ಮರೆಯಬಾರದೆಂದು.

ಕಟ್ಟಿದ್ದು ಅಕ್ಕನ ಕೂದಲಿನ ರಬ್ಬರ್ ಬ್ಯಾಂಡಿನಿಂದ.

ಬಣ್ಣ ಬೇರೆ. ಕಂಪನಿಯ ಹೆಸರು ಬೇರೆ. ಹಿಂದೆ ಸಣ್ಣಕ್ಷರದಲ್ಲಿ ಎರಡರಲ್ಲೂ ಒಂದೇ ನೋವಿನ ಔಷಧ... ಡೈಕ್ಲೋಫೆನಾಕ್.

ಒಂದು ಇವನು ಕೊಟ್ಟಿದ್ದು. ಇನ್ನೊಂದು ಅಕ್ಕ. ಭಾವ ಇಬ್ಬರ ಮಾತನ್ನೂ ತೆಗೆದುಹಾಕುವವನಲ್ಲ; ಎರಡನ್ನೂ ನುಂಗಿದ್ದ.

ಮೇಸ್ತ್ರಿಯೂ ಬಗ್ಗಿ ಓದಿದ. ನೀಲಿಯದು ಅಕ್ಕ ಕಟ್ಟಿಕೊಟ್ಟಿದ್ದು ಎಂದೆ.

"ಆ ತಾಯಿಗೆ ನನ್ನ ಹೆಸರೇ ಹೇಳು," ಎಂದ. "ಹೇಗೂ ಅರ್ಧ ನಿಜ."

ಅಕ್ಕ ಮನೆ ಬಾಗಿಲಲ್ಲೇ ಕಾದಿದ್ದಳು.

"ಸಿಕ್ಕಿದನಾ?"

"ಮೇಸ್ತ್ರಿ, ಅಕ್ಕ. ಅವನು ಹಂಚ್ತಿದ್ದ ಮಾತ್ರೆ ಹೊಟ್ಟೆ ಸುಟ್ಟಿದೆ."

"ಹಾಳಾಗ್ಲಿ ಅವನು." ಅವಳು ಗೋಡೆಗೆ ಒರಗಿ ಕೂತಳು. "ಸಿಕ್ಕಿದ್ದೆಲ್ಲ ಕೊಡ್ತಾರೇನೋ? ನಾನು ಡಾಕ್ಟರು ಬರೆದಿದ್ದು ಬಿಟ್ಟು ಒಂದು ಮಾತ್ರೆ ಬೇರೆ ಕೊಟ್ಟವಳಲ್ಲ."

"ಗೊತ್ತು."

ಆಗ ನನ್ನ ಹಣೆ ಕಂಡಿತು ಅವಳಿಗೆ. ಅಂಗೈಯಲ್ಲಿ ರಕ್ತ ಒರೆಸಿದಳು. ಕಣ್ಣು ತುಂಬಿತ್ತು.

"ತುಂಬಾ ನೋಯ್ತಿದೆಯೇನೋ? ಇರು..."

ಕಪಾಟಿನಿಂದ ನೀಲಿ ಸ್ಟ್ರಿಪ್ ತೆಗೆದು ಒಂದು ಮಾತ್ರೆ ಬಿಡಿಸಿದಳು.

ನಾನು ಕೈ ಚಾಚಿದೆ.

"ಮೊದಲು ಊಟ ಹಾಕಕ್ಕ," ಎಂದೆ.