ಮೂರು ತಿಂಗಳು ತುಂಬುವವರೆಗೆ

"ಬಸುರಿಯೇನಾದ್ರೂ ಇದ್ದೀಯೇನಮ್ಮಾ?"

ನರ್ಸ್ ಕೇಳಿದ್ದು ಇನ್ಸಾಫಳನ್ನು. ಉತ್ತರ ಬಂದದ್ದು ಅತ್ತೆ ಶದ್ಲಿಯಾಳ ಬಾಯಿಂದ.

"ಬಸುರೇ? ನಮಗೆಲ್ಲಿ ಆ ಭಾಗ್ಯ! ಮೊನ್ನೆಯಷ್ಟೇ ಮುಟ್ಟಾಗಿದಾಳೆ."

ಅಪೆಂಡಿಕ್ಸ್ ನೋವಿಗೆ ಮುದುಡಿ ಮಲಗಿದ್ದ ಇನ್ಸಾಫ್ ಹತ್ತು ವಾರದ ಬಸುರಿ. ಮದುವೆಯಾಗಿ ಆರು ವರ್ಷಕ್ಕೆ ನಿಂತ ಮೊದಲ ಗರ್ಭ! ಆದರೆ ಪಕ್ಕದ ಮಂಚದಲ್ಲಿ ಅವರದೇ ಬೀದಿಯ ನಜೀಹಾ ಕಾಲು ಮುರಿದುಕೊಂಡು ಮಲಗಿದ್ದಳು. ನಜೀಹಾಳ ಕಣ್ಣು ತಾಗಿದರೆ ಗೋಡೆಯೂ ಬಿರುಕು ಬಿಡುತ್ತದೆಂದು ಶದ್ಲಿಯಾ ನಂಬಿದ್ದಳು. ಮೂರು ತಿಂಗಳು ತುಂಬುವವರೆಗೆ ಸುದ್ದಿ ಹೊಸ್ತಿಲು ದಾಟಬಾರದೆಂದು ಅಪ್ಪಣೆ ಮಾಡಿ, ದೃಷ್ಟಿ ತಾಗದಿರಲೆಂದು ಬಾಗಿಲಿಗೆ ಒಣಮೀನಿನ ಬಾಲವನ್ನೂ ಮೊಳೆ ಹೊಡೆದು ತೂಗಿಸಿದ್ದಳು ಆ ಮಹಾರಾಯಿತಿ.

"ಬೆಳಿಗ್ಗೆಯಿಂದ ಏನಾದ್ರೂ ತಿಂದಿದ್ದೀಯಾ?"

"ನೀರೂ ಮುಟ್ಟಿಲ್ಲ," ಎಂದಳು ಶದ್ಲಿಯಾ.

ಅದೂ ಸುಳ್ಳೇ. ಗಂಟೆಯ ಹಿಂದಷ್ಟೇ, ಹೊಟ್ಟೆಯಲ್ಲಿರುವುದು ಸೊರಗಬಾರದೆಂದು, ಆಲಿವ್ ಎಣ್ಣೆಯಲ್ಲಿ ಕಲಸಿದ ಹುರಿಹಿಟ್ಟನ್ನು ಶಾಲಿನ ಮರೆಯಲ್ಲಿ ಸೊಸೆಯ ಬಾಯಿಗೆ ತುರುಕಿದ್ದಳು. ಅಷ್ಟು ಎಣ್ಣೆ ಸುರಿದು ಕಲಸುವುದು ಬಸುರಿಗಲ್ಲದೆ ಇನ್ಯಾರಿಗೆ? ತಿಂದದ್ದೇನೆಂದು ಹೇಳಿದರೆ ನಜೀಹಾಗೆ ಗೊತ್ತಾಗಿಬಿಡುತ್ತದಲ್ಲ!

ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಅರಿವಳಿಕೆಯ ಡಾಕ್ಟರ್ ರೀಮ್ ಬಗ್ಗಿ ಮತ್ತೆ ಕೇಳಿದಳು. "ಈಗ ಯಾರೂ ಇಲ್ಲ, ನಿಜ ಹೇಳು ತಂಗಿ. ಬಸುರಿಯಲ್ಲ ತಾನೇ? ಹೊಟ್ಟೆ ಖಾಲಿ ತಾನೇ?"

ಇನ್ಸಾಫಳ ನಾಲಿಗೆಯ ತುದಿಗೆ ಮಾತು ಬಂದಿತ್ತು... ಆದರೆ ನಾಳೆ ಏನಾದರೂ ಹೆಚ್ಚುಕಡಿಮೆಯಾದರೆ, 'ನೀನೇ ಬಾಯಿಬಿಟ್ಟು ಕಳಕೊಂಡೆ' ಎಂದು ಅತ್ತೆ ಸಾಯುವವರೆಗೂ ಚುಚ್ಚುತ್ತಾಳೆ. ಆರು ವರ್ಷದ ಚುಚ್ಚುಮಾತು ಸಾಲದೇ? ಅವಳು ಹೌದೆಂದು ತಲೆಯಾಡಿಸಿಬಿಟ್ಟಳು.

ಎಚ್ಚರ ತಪ್ಪಿದ ಗಳಿಗೆಯಲ್ಲೇ ತಿಂದದ್ದೆಲ್ಲ ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಿತು. ನಾಲ್ಕು ದಿನ ಯಂತ್ರ ಅವಳಿಗಾಗಿ ಉಸಿರಾಡಿತು. ಐದನೆಯ ದಿನ ಕಣ್ಣು ಬಿಟ್ಟಾಗ ಹಾಸಿಗೆ ಒದ್ದೆಯಾಗಿತ್ತು. ಅತ್ತೆ ಹೇಳಿದ ಸುಳ್ಳು ನಿಜವಾಗಿತ್ತು... ರಕ್ತ ಹರಿಯುತ್ತಿತ್ತು!

ವಾರ್ಡಿಗೆ ಮರಳಿದ ದಿನ ಗಂಡ ಲಸಾದ್ ಡಾಕ್ಟರ್ ರೀಮಳ ಮೇಲೆ ಎಗರಿಬಿದ್ದ. "ನನ್ನ ಮಗೂನ ಕೊಂದೆಯಲ್ಲಾ! ನಿನ್ನ ಕೆಲಸ ಕಳೀದೆ ಬಿಡಲ್ಲ!"

"ಡಾಕ್ಟರದ್ದೇನಿದೆ ಮಗಾ?" ಶದ್ಲಿಯಾ ಎದೆ ಬಡಿದುಕೊಂಡಳು. "ಕಣ್ಣು ಕಣೋ! ಈ ಕಾಲುಮುರುಕಿಯ ಕಣ್ಣು!"

ನಜೀಹಾ ದಿಂಬಿಗೊರಗಿ ಎದ್ದು ಕೂತಳು. "ನನಗೆ ಮೊದಲಿಂದ್ಲೂ ಗೊತ್ತಿತ್ತು ಶದ್ಲಿಯಾ. ಮೆಟ್ಟಿಲು ಹತ್ತುವಾಗ ಹೊಟ್ಟೆ ಮೇಲೆ ಕೈಯಿಟ್ಕೋತಿದ್ಲು. ಪ್ರತಿ ನಮಾಜಲ್ಲೂ ಇವಳಿಗೇಂತ ದುವಾ ಕೇಳ್ತಿದ್ದೆ ಕಣೇ... ಅವತ್ತು ನೀನು ಮುಟ್ಟಾಗಿದಾಳೆ ಅಂದಾಗ, ನಾನೇ ತಪ್ಪು ತಿಳ್ಕೊಂಡ್ನೇನೋ ಅಂತ ಸುಮ್ಮನಾದೆ. ಥೂ, ನನ್ನ ಬಾಯಿಗೇನಾಗಿತ್ತು!"

ಲಸಾದ್ ಬೆಪ್ಪಾಗಿ ತಾಯಿಯತ್ತ ತಿರುಗಿದ. ಶದ್ಲಿಯಾಳ ಮುಖ ಬಿಳಿಚಿಕೊಂಡಿತು. "ಮಗಳೇ..." ಎಂದು ಸೊಸೆಯ ಕಡೆ ಅಂಗಲಾಚಿ ನೋಡಿದಳು. ಆರು ವರ್ಷದಲ್ಲಿ ಮೊದಲ ಸಲ ಆ ಬಾಯಿಂದ ಆ ಮಾತು ಬಂದಿತ್ತು!

"ಡಾಕ್ಟರ್ ನನ್ನೊಬ್ಬಳನ್ನೇ ಕೇಳಿದ್ರು ರೀ," ಎಂದಳು ಇನ್ಸಾಫ್, ಒಡೆದ ದನಿಯಲ್ಲಿ. "ತಲೆಯಾಡಿಸಿದ್ದು ನಾನೇ. ಡಾಕ್ಟರನ್ನ ಬಿಟ್ಟುಬಿಡಿ."

ಅತ್ತೆಯ ಹೆಸರನ್ನು ಅವಳು ಎತ್ತಲಿಲ್ಲ. ಅದು ಕರುಣೆಯೇನಲ್ಲ. ಆ ಮನೆಯಲ್ಲದೆ ಅವಳಿಗೆ ಹೋಗಲು ಬೇರೆ ಮನೆಯಿರಲಿಲ್ಲ.

ಮನೆಗೆ ಹೊರಟಾಗ ಆಸ್ಪತ್ರೆಯ ಕಾರಿಡಾರಿನ ತುಂಬ ಜನ. ಶದ್ಲಿಯಾ ಅಭ್ಯಾಸಬಲದಿಂದ ತನ್ನ ಶಾಲನ್ನು ಸೊಸೆಯ ಹೊಟ್ಟೆಯ ಮೇಲೆ ಎಳೆದು ಮುಚ್ಚಿದಳು.

"ಬಿಡಿ ಅತ್ತೆ," ಎಂದಳು ಇನ್ಸಾಫ್. "ಯಾರು ಬೇಕಾದ್ರೂ ನೋಡ್ಲಿ. ಇನ್ನೇನಿದೆ ಅಲ್ಲಿ?"

ಶಾಲನ್ನು ಮಡಚಿ ಅತ್ತೆಯ ಕೈಗಿಟ್ಟು, ಗೋಡೆ ಹಿಡಿದುಕೊಂಡು ಮುಂದೆ ನಡೆದಳು.