ಬಾವಿಯಿಂದ ತಂದ ಮೀನು

“ನಮ್ಮ ಆಳು ಪೀರಪ್ಪನ್ನ ಕಡಿದು ಒಗೆದ ಬಾವ್ಯಾಗಿನ ಮೀನ ಮನಿಯೊಳಗ ತಂದಿಯಲ್ಲಲೇ, ಬುದ್ಧಿ ಅದ ಏನು ನಿನಗ?” ಎಂದು ತಮ್ಮ ದತ್ತಾತ್ರೇಯನ ಬಾಯಿಗೇ ಬಾರಿಸಿದೆ.

೧೯೪೮ರ ಮಾತಿದು, ಊರಲ್ಲಿ ಕಡಿದಾಟದ ಗಲಾಟೆ ನಡೆದ ವರ್ಷ. ಆಳಂದದ ಮನೆಯಲ್ಲಿ ನಾವಿಬ್ಬರೇ ಇದ್ದೆವು, ಹೊತ್ತು ನಡುಮಧ್ಯಾಹ್ನ. ಹೈದರಾಬಾದಿನಿಂದ ತರಿಸಿದ್ದ ಗಾಜಿನ ತೊಟ್ಟಿಯಲ್ಲಿ ಆರು ಬಂಗಾರದ ಮೀನುಗಳಿದ್ದವು. ತಳದ ಹೊಲಸು ತಿನ್ನಲೆಂದು ದತ್ತು ಹೊಲದ ಬಾವಿಯ ಮೀಸೆಮೀನೊಂದನ್ನು ತಂದು ಬಿಟ್ಟಿದ್ದ. ಮೂರೇ ದಿನಕ್ಕೆ ಆರೂ ಸತ್ತು ತೇಲಿದವು. ಒಂದಕ್ಕೂ ಗಾಯವಿರಲಿಲ್ಲ. ನೀರು ಮಾತ್ರ ಕೆಂಪಗೆ, ಆಗಷ್ಟೇ ಹರಿದ ರಕ್ತದಂತೆ ಬೆಚ್ಚಗಿತ್ತು.

ಮೀಸೆಮೀನು ಗಾಜಿಗೆ ತಲೆ ಬಡಿಯುತ್ತಿತ್ತು. ಮೂರು ಬಡಿತ, ತುಸು ತಡೆದು ಮತ್ತೆ ಮೂರು.

“ಕೇಳ್ಸಾಕತ್ತದ ಏನು, ಅಣ್ಣಾ?” ದತ್ತು ತುಟಿಯ ರಕ್ತ ಒರೆಸಿಕೊಂಡ. “ಗಲಾಟಿ ದಿನ ಪೀರಪ್ಪ ನಮ್ಮ ಬಾಗಲಾ ಹಿಂಗೇ ಬಡದಿದ್ದ. ಚಿಲಕ ತಗೀಬ್ಯಾಡ ಅಂದಾಂವ ನೀನು.”

ನಾನು ಒನಕೆ ಎತ್ತಿ ತೊಟ್ಟಿಯನ್ನೇ ಒಡೆದೆ. ನೆಲಕ್ಕೆ ಬಿದ್ದ ಮೀನು ನೆಲಕ್ಕೂ ಮೂರು ಮೂರು ಸಲವೇ ಬಡಿಯಿತು.

ದತ್ತು ಅದನ್ನು ಕೊಡದಲ್ಲಿ ಹಾಕಿಕೊಂಡ. “ಬಾವಿಗೇ ಬಿಟ್ಟು ಬರ್ತೇನಿ” ಎಂದು ನನ್ನ ಕಣ್ಣೆದುರೇ ತಲಬಾಗಿಲು ದಾಟಿ ಹೋದ. ತಿರುಗಿ ಬರಲಿಲ್ಲ.

ಅವನನ್ನು ಕರೆಯಲು ಬೆನ್ನಿಗೇ ಓಡಿದ್ದೆ. ಅವನು ದಾಟಿದ ಬಾಗಿಲಿಗೆ, ನಾನು ಮುಟ್ಟದಿದ್ದರೂ, ಒಳಗಿನಿಂದ ಚಿಲಕ ಬಿದ್ದಿತ್ತು.