ಮಿನೊಸಾವಾದ ಸಡಿಲ ಮೊಳೆ

"ಮೇಲಿನ ಗುಡಿಗೆ ಹೋಗಿ, ಕೈಮುಗಿದು ಬನ್ನಿ. ಅದಕ್ಕೇನೂ ಅಡ್ಡಿಯಿಲ್ಲ. ಮರದಲ್ಲಿರೋ ಮೊಳೆ ಮಾತ್ರ ಮುಟ್ಟಬೇಡಿ," ಎಂದಳು ತಂಗುಮನೆಯ ಒಡತಿ ತೋಸೆ.

ಹೊಸ್ತಿಲಲ್ಲಿ ಕೂತು ಬೂಟಿನ ದಾರ ಬಿಗಿಯುತ್ತಿದ್ದ ಇಸಾವೊ ತಲೆಯೆತ್ತಿದ. "ಯಾವ ಮೊಳೆ ಅಜ್ಜಿ?"

"ಗುಡಿ ಹಿಂದೆ ದೇವದಾರು ಮರ ಇದೆಯಲ್ಲ, ಅದಕ್ಕೆ ಹೊಡೆದಿರೋವು. ಹಳೇ ಕಾಲದೋರು ಯಾರ್ಯಾರ ಮೇಲಿನ ಸಿಟ್ಟಿಗೋ ಹುಲ್ಲಿನ ಗೊಂಬೆ ಇಟ್ಟು, ಶಾಪ ಹಾಕಿ ಹೊಡೆದು ಹೋಗಿದಾರೆ. ಗಟ್ಟಿಯಾಗಿರೋವು ಯಾರಿಗೂ ಏನೂ ಮಾಡಲ್ಲ. ಒಂದು ಸಡಿಲ ಆಗಿದೆ. ನೋಡಿದರೆ ಕೈ ತಾನಾಗಿ ಹೋಗತ್ತೆ. ಅದಕ್ಕೇ ಹೇಳ್ದೆ."

"ನನ್ನ ಕೆಲಸಾನೇ ಅದು. ಸೇತುವೆ ಬೋಲ್ಟು ಬಡಿದು ನೋಡಿ ಸಡಿಲ ಇರೋದು ಯಾವುದು ಅಂತ ಹೇಳೋದು. ನಿಮ್ಮೂರಿನ ಮೊಳೇನೂ ಒಂದು ಕೈ ನೋಡ್ಕೊಂಡು ಬರ್ತೀನಿ ಬಿಡಿ."

ತೋಸೆ ನಗಲಿಲ್ಲ. ಅವನ ಹೆಂಡತಿಯ ಕಡೆ ತಿರುಗಿ, "ನೀವಾದರೂ ಹೇಳಿ ತಾಯಿ," ಎಂದಳು.

ಫುಮಿನೊ ತಲೆಯಾಡಿಸಿದಳು. ಕಳೆದ ಬೇಸಿಗೆಯಿಂದ ಅವಳು ಎಲ್ಲದಕ್ಕೂ ಹಾಗೆಯೇ ತಲೆಯಾಡಿಸುತ್ತಿದ್ದಳು. ಊಟಕ್ಕೆ ಕರೆದರೂ ಅಷ್ಟೆ, ಡಾಕ್ಟರು ಮಾತ್ರೆ ಬರೆದುಕೊಟ್ಟರೂ ಅಷ್ಟೆ, ಎರಡು ದಿನ ಬೆಟ್ಟದ ಊರಿಗೆ ಹೋಗಿ ಬರೋಣವೇ ಎಂದು ಗಂಡ ಕೇಳಿದಾಗಲೂ ಅಷ್ಟೆ.

ಕಳೆದ ಬೇಸಿಗೆಯಲ್ಲಿ ಅವರ ಒಬ್ಬಳೇ ಮಗಳು, ತಮಾಕಿ, ಹೊಳೆಯಲ್ಲಿ ಮುಳುಗಿ ಹೋಗಿಬಿಟ್ಟಿದ್ದಳು. ಇಸಾವೊ ಧುಮುಕಿ ಅವಳನ್ನು ಹಿಡಿದಿದ್ದ. ಹಿಡಿಯುವಾಗ ಬಂಡೆಗೆ ಬಡಿದು ಅವನ ಬಲಭುಜದ ಕೀಲು ತಪ್ಪಿತು. ಆ ಕೈಯಲ್ಲೇ ದಡಕ್ಕೆ ತಂದ. ತಂದಾಗ ಮಗುವಿನಲ್ಲಿ ಉಸಿರಿರಲಿಲ್ಲ. ಭುಜವನ್ನು ವೈದ್ಯರು ಕೂರಿಸಿಕೊಟ್ಟರು. ಆದರೂ ಕೈ ಎತ್ತಿದಾಗಲೆಲ್ಲ ಒಳಗಿನಿಂದ ಯಾರೋ ಉಳಿ ಇಟ್ಟು ತಿವಿದ ಹಾಗಾಗುತ್ತಿತ್ತು. ಗಂಡ ಹೆಂಡತಿ ಮಗಳ ಹೆಸರೆತ್ತಿ ಮಾತಾಡಿಯೇ ತಿಂಗಳುಗಳಾಗಿದ್ದವು.

ಮಿನೊಸಾವಾದ ಬೀದಿ ಒಂದೇ. ಎರಡೂ ಕಡೆ ಹೊಗೆಯಿಂದ ಕಪ್ಪಾದ ಮರದ ಮನೆಗಳು, ಸೂರಿನಡಿ ಒಣಗಲು ಇಳಿಬಿಟ್ಟ ಮೂಲಂಗಿ, ಕಲ್ಲು ಕಾಲುವೆಯಲ್ಲಿ ಸದಾ ಓಡುವ ನೀರು. ಮೋಡ ಕೆಳಗಿಳಿದು ಬೆಟ್ಟದ ತಲೆ ಕಾಣುತ್ತಿರಲಿಲ್ಲ. ಬೀದಿ ಮುಗಿದಲ್ಲಿ ಪಾಚಿಗಟ್ಟಿದ ಮೆಟ್ಟಿಲು, ಮೆಟ್ಟಿಲ ತುದಿಗೆ ಬಣ್ಣ ಹೋದ ಕಮಾನು, ಅದರಾಚೆ ಪುಟ್ಟ ಗುಡಿ. ಫುಮಿನೊ ಗಂಟೆಯ ಹಗ್ಗ ಎಳೆದು ಕೈಮುಗಿದು ನಿಂತಳು. ಇಸಾವೊ ನೇರ ಹಿಂದಕ್ಕೆ ಹೋದ.

ಅಲ್ಲಿ ಬೆಳಕೇ ಬೇರೆಯಾಗಿತ್ತು. ಮಧ್ಯಾಹ್ನವಾಗಿದ್ದರೂ ಮರದ ಬುಡದಲ್ಲಿ ಮಸುಕು ಕವಿದಿತ್ತು. ನಾಲ್ಕು ಜನ ಕೈ ಹಿಡಿದು ನಿಂತರೂ ಸುತ್ತಲಾಗದ ದೇವದಾರು. ತೊಗಟೆ ಸೀಳಿ ಅಂಟು ಒಸರಿತ್ತು. ಒದ್ದೆ ತುಕ್ಕಿನ ವಾಸನೆ, ಕೊಳೆತ ಹುಲ್ಲಿನ ವಾಸನೆ. ಆಳೆತ್ತರದವರೆಗೂ ಮೊಳೆಗಳು. ಕೆಲವನ್ನು ತೊಗಟೆ ಅರ್ಧ ನುಂಗಿತ್ತು. ಕೆಲವಕ್ಕೆ ಒಂದೆರಡು ಎಳೆ ಹುಲ್ಲು ಇನ್ನೂ ಅಂಟಿಕೊಂಡಿತ್ತು. ಒಂದು ಕಾಲಕ್ಕೆ ಅದು ಗೊಂಬೆಯಾಗಿತ್ತೆಂದು ಹೇಳಿದರೆ ಮಾತ್ರ ತಿಳಿಯುತ್ತಿತ್ತು.

ಎದೆಯ ಮಟ್ಟಕ್ಕೆ ಒಂದು ಮೊಳೆ ಅಲ್ಲಾಡುತ್ತಿತ್ತು. ಗಾಳಿಯಿರಲಿಲ್ಲ.

ಇಸಾವೊ ಬೆರಳಿನಿಂದ ಬಡಿದ. ಟೊಳ್ಳು ಸದ್ದು. ಕಮ್ಮಾರ ಬಡಿದು ಮಾಡಿದ, ಚೌಕ ತಲೆಯ ಹಳೆಯ ಮೊಳೆ.

"ರೀ, ಬೇಡ." ಫುಮಿನೊ ಗುಡಿಯ ಮೂಲೆಯಲ್ಲಿ ನಿಂತಿದ್ದಳು.

"ಎಷ್ಟು ಚೆನ್ನಾಗಿ ಬಡಿದಿದಾನೆ ನೋಡು ಇದನ್ನ," ಎಂದು ಎರಡು ಬೆರಳಲ್ಲಿ ಹಿಡಿದು ಎಳೆದ.

ಬಲ ಹಾಕಬೇಕಾಗಲೇ ಇಲ್ಲ. ಮೊಳೆ ಬೆಣ್ಣೆಯಿಂದ ಬಂದ ಹಾಗೆ ಬಂತು. ತೂತಿನಿಂದ ತಲೆಯೆಣ್ಣೆಯ ಕಮಟು ವಾಸನೆ ಬಂದು ಮುಖಕ್ಕೆ ಬಡಿಯಿತು. ಬಹಳ ದಿನ ಎರೆದುಕೊಳ್ಳದ ಹೆಂಗಸಿನ ಕೂದಲಿನ ವಾಸನೆ. ಒಂದು ಕ್ಷಣ. ಆಮೇಲೆ ಅದೂ ಇರಲಿಲ್ಲ. ಅವನು ಮೊಳೆಯನ್ನು ಕೋಟಿನ ಜೇಬಿಗೆ ಹಾಕಿಕೊಂಡ.

ಮೆಟ್ಟಿಲಿಳಿಯುವಾಗ ಅಡ್ಡ ಬಂದ ಕೊಂಬೆಯೊಂದನ್ನು ಸರಿಸಲು ಬಲಗೈ ಎತ್ತಿದ. ಎತ್ತಿದ ಮೇಲೆ ಹಾಗೇ ನಿಂತುಬಿಟ್ಟ. ಭುಜ ನೋಯಲಿಲ್ಲ. ಇನ್ನೂ ಮೇಲಕ್ಕೆತ್ತಿದ. ಸುತ್ತ ತಿರುಗಿಸಿದ.

"ನೋಡಿಲ್ಲಿ. ಹೋಗೇಬಿಟ್ಟಿದೆ. ಅಜ್ಜಿ ಶಾಪ ಅಂದಳು, ಇದು ಔಷಧಿ ಕಣೆ."

ಫುಮಿನೊ ಆ ಭುಜವನ್ನೇ ನೋಡಿದಳು.

ಬೀದಿಯಲ್ಲಿ ಒಬ್ಬಳು ಕೆಂಡದ ಮೇಲೆ ಅನ್ನದ ಬಿಲ್ಲೆ ಸುಡುತ್ತಿದ್ದಳು. ಅಕ್ರೋಟು ಮತ್ತು ಹುದುಗಿಸಿದ ಸೋಯಾದ ಮಿಸೊ ಅರೆದು ಸವರಿದ್ದು ಸೀದು ಘಮ್ಮೆನ್ನುತ್ತಿತ್ತು. ಆ ಘಮ ಬಂದದ್ದು ಫುಮಿನೊಗೆ ಮಾತ್ರ. ಇಸಾವೊ ಒಂದು ಕೊಂಡು ಕಚ್ಚಿದ, ಅಗಿದ, ನುಂಗಿದ. ಬಾಯಲ್ಲಿ ಒದ್ದೆ ಕಾಗದ ಇದ್ದ ಹಾಗಿತ್ತು. ನೆಗಡಿ ಬರುತ್ತಿರಬೇಕು ಎಂದುಕೊಂಡ. ಅದರಿಂದ ಬೇಜಾರೂ ಆಗಲಿಲ್ಲ.

ಸಂಜೆ ಹಿಮ ಶುರುವಾಯಿತು. ಆ ದಿನ ಬೇರೆ ಅತಿಥಿಗಳಿರಲಿಲ್ಲ. ನೆಲದಲ್ಲಿ ತೋಡಿದ ಅಗ್ಗಿಷ್ಟಿಕೆಯ ಸುತ್ತ ಮೂವರು ಕೂತರು. ಕೊಕ್ಕೆಗೆ ನೇತುಬಿದ್ದ ಕಬ್ಬಿಣದ ಪಾತ್ರೆಯಲ್ಲಿ ಅಣಬೆ, ಗೆಡ್ಡೆ, ಕಾಡುಹಂದಿಯ ಮಾಂಸ ಕೊತಕೊತ ಕುದಿಯುತ್ತಿತ್ತು. ತೋಸೆ ಬಡಿಸುವಾಗ ಪಾತ್ರೆ ಓಲಾಡಿತು. ಇಸಾವೊ ಬಲಗೈ ಚಾಚಿ ಅದರ ಮೈಗೆ ಅಂಗೈ ಕೊಟ್ಟು ಹಿಡಿದ.

"ಬಡಿಸಿ, ಹಿಡ್ಕೊಂಡಿದೀನಿ."

ಚುರ್ ಎಂದಿತು. ಹೊಗೆ ಎದ್ದಿತು. ಮಾಂಸ ಸುಟ್ಟ ವಾಸನೆ, ಪಾತ್ರೆಯೊಳಗಿನದಲ್ಲ. ತೋಸೆಯ ಕೈಯ ಸೌಟು ಬೂದಿಗೆ ಬಿತ್ತು. ಫುಮಿನೊ ಅವನ ಮಣಿಕಟ್ಟು ಹಿಡಿದು ಎಳೆದಳು. ಅಂಗೈಯ ಚರ್ಮ ಪಾತ್ರೆಯಲ್ಲೇ ಉಳಿಯಿತು.

ಇಸಾವೊ ಕೈಯನ್ನು ಬೆಳಕಿಗೆ ಹಿಡಿದು ನೋಡಿದ. ಕೆಂಪಗೆ, ಒದ್ದೆಯಾಗಿ, ಬೇರೆ ಯಾರದೋ ಕೈಯಂತೆ ಕಾಣುತ್ತಿತ್ತು.

"ಕಿತ್ತಿರಾ?" ಎಂದಳು ತೋಸೆ. "ಈ ಕೈಯಲ್ಲೇ ಕಿತ್ತಿರಾ ಅಪ್ಪಾ?"

ಅವನು ಎಡಗೈಯಿಂದ ಮೊಳೆ ತೆಗೆದು ಚಾಪೆಯ ಮೇಲಿಟ್ಟ. ತೋಸೆ ಕೂತಲ್ಲೇ ಹಿಂದಕ್ಕೆ ಸರಿದಳು.

"ಓಸೆನ್ ಅಂತ ಒಬ್ಬಳಿದ್ದಳಂತೆ, ನಮ್ಮಜ್ಜಿಯ ಅಜ್ಜಿ ಕಾಲದಲ್ಲಿ," ಎಂದಳು. "ಅವಳ ಮಗು ಜ್ವರದಲ್ಲಿ ಹೋಯ್ತು. ಗಂಡ ಅನ್ನಿಸಿಕೊಂಡೋನು ಪಕ್ಕದಲ್ಲೇ ಕೂತು ಉಂಡ. ಇನ್ನೊಂದು ತುತ್ತು ಹಾಕು ಅಂದ. ಅವಳು ಅವನ ತಲೆಗೂದಲು ಗೊಂಬೆಗೆ ಕಟ್ಟಿ ಹೊಡೆದು ಬಂದಳು. ನಿಂಗೇನೂ ಅನ್ನಿಸಲ್ಲ ತಾನೇ, ಇನ್ನು ಯಾವತ್ತೂ ಏನೂ ಅನ್ನಿಸದೇ ಹೋಗಲಿ ಅಂತ. ಆ ಚಳಿಗಾಲ ಅವನು ಒಲೆಗೆ ಒರಗಿಕೊಂಡೇ ಬೆಂದುಹೋದ. ಬೆನ್ನು ಸುಡ್ತಿದೆ ಅಂತ ಅವನಿಗೆ ಗೊತ್ತಾಗಲಿಲ್ಲ."

"ಅದಕ್ಕೂ ನಂಗೂ ಏನಜ್ಜಿ ಸಂಬಂಧ?" ಇಸಾವೊ ನಗಲು ನೋಡಿದ. ಸದ್ದು ಬಂತು, ನಗು ಬರಲಿಲ್ಲ.

"ಮೊಳೆ ಹೊರಗೆ ಬಂದರೆ ಆ ಶಾಪಕ್ಕೊಂದು ಮೈ ಬೇಕು, ಕಿತ್ತೋರನ್ನೇ ಹಿಡಿಯತ್ತೆ. ಮೊದಲು ಚರ್ಮ, ಆಮೇಲೆ ಬಾಯಿ, ಕಿವಿ. ಕೊನೆಗೆ ಉಸಿರು ಎಳೀಬೇಕು ಅನ್ನೋದೂ ಅನ್ನಿಸಲ್ಲವಂತೆ."

"ವಾಪಸ್ ಹೊಡೆದರೆ?" ಕೇಳಿದ್ದು ಫುಮಿನೊ.

ತೋಸೆ ಬೂದಿಗೆ ಬಿದ್ದ ಸೌಟನ್ನು ಎತ್ತಿಟ್ಟಳು. "ಇವರ ಕೈಯಿಂದ ಅದು ಒಳಗೆ ಹೋಗಲ್ಲ. ಬೇರೆಯವರು ತಮ್ಮ ಕೂದಲು ಕಟ್ಟಿ, ತಾವೇ ಹೊಡೀಬೇಕು. ಆಗ ಇವರನ್ನ ಬಿಟ್ಟು ಅವರನ್ನ ಹಿಡಿಯತ್ತೆ. ಜೀವ ತೆಗೆಯಲ್ಲವಂತೆ, ತಾನಾಗಿ ಕೊಟ್ಟ ಮೈ ಅಂತ. ಅಂತೆ ಅಷ್ಟೆ, ನಾನು ಕಂಡಿಲ್ಲ. ಯಾರು ಕೊಡ್ತಾರೆ ಅಂಥದ್ದಕ್ಕೆ? ದಾರಿ ತೆರೆದ ತಕ್ಷಣ ದೊಡ್ಡಾಸ್ಪತ್ರೆಗೆ ಹೋಗಿ. ನಾನು ಹೇಳೋದು ಅಷ್ಟೆ."

ಹಿಮಕ್ಕೆ ಬೆಟ್ಟದ ದಾರಿ ಆಗಲೇ ಮುಚ್ಚಿತ್ತು.

ಕೋಣೆಯಲ್ಲಿ ಫುಮಿನೊ ಅವನ ಕೈಗೆ ಬಟ್ಟೆ ಸುತ್ತಿದಳು. ಸುತ್ತುತ್ತ, ತಲೆ ಎತ್ತದೆ, "ತಮಾಕಿ," ಎಂದಳು.

ಇಸಾವೊ ಕಾದ. ಆ ಹೆಸರು ಕೇಳಿದರೆ ಉಸಿರು ಕಟ್ಟುತ್ತಿತ್ತು. ಅದು ಬರಲಿ ಎಂದು ಕಾದ. ಬರಲಿಲ್ಲ.

"ಹೊಳೆ ಕಾಣತ್ತೆ," ಎಂದ. "ಅವಳ ಹಳದಿ ಟೋಪಿ ಕಾಣತ್ತೆ. ಯಾರದೋ ಮಗು ಅನ್ನೋ ಹಾಗೆ. ಇಲ್ಲಿ ಏನೂ ಇಲ್ಲ ಫುಮಿನೊ. ತುಂಬ ನಿಶ್ಶಬ್ದ. ಚೆನ್ನಾಗಿದೆ."

ಅವಳ ಕೈ ನಿಂತಿತು. "ಏನೂ ನೋಯಲ್ವಾ?"

"ಇಲ್ಲ."

"ಹೆಸರು ಹೇಳಿದರೂ?"

"ಹೇಳಿದರೂ."

ಅವಳು ಅವನನ್ನು ನೋಡಿದಳು. ಎಷ್ಟೋ ತಿಂಗಳ ಮೇಲೆ ಅವಳ ಕಣ್ಣಲ್ಲಿ ಏನೋ ಇತ್ತು. ಹೆದರಿದ್ದಾಳೆ ಎಂದುಕೊಂಡು ಇಸಾವೊ ಗೋಡೆಯ ಕಡೆ ಹೊರಳಿದ.

ಅವನು ಎದ್ದಾಗ ಬೆಳಗಾಗಿತ್ತು. ಕಾಗದದ ಬಾಗಿಲಿನಲ್ಲಿ ಹಿಮದ ಬೂದು ಬೆಳಕು. ಪಕ್ಕದ ಹಾಸಿಗೆ ಖಾಲಿ. ಕೋಟಿನ ಜೇಬಿನಲ್ಲಿ ಕೈಯಾಡಿಸಿದ. ಮೊಳೆ ಇದೆಯೋ ಇಲ್ಲವೋ ಬೆರಳಿಗೆ ತಿಳಿಯಲಿಲ್ಲ. ಜೇಬನ್ನು ಹೊರಕ್ಕೆ ತಿರುವಿ ಕಣ್ಣಿಂದ ನೋಡಬೇಕಾಯಿತು. ಇರಲಿಲ್ಲ.

ಎದ್ದ. ಬಿದ್ದ. ಕಾಲು ಎಲ್ಲಿದೆ ಎಂದು ನೋಡಿಕೊಂಡೇ ಊರಬೇಕಿತ್ತು. ಅಂಗಳದ ಹಿಮದಲ್ಲಿ ಬರಿಗಾಲಿನ ಗುರುತುಗಳು ಬೀದಿಗುಂಟ ಮೇಲಕ್ಕೆ ಹೋಗಿದ್ದವು. ಅವನು ಹೊರಟ. ಓಡಬೇಕು ಎಂದು ಬುದ್ಧಿ ಹೇಳುತ್ತಿತ್ತು. ಹೆದರಬೇಕು ಎಂದೂ ಹೇಳುತ್ತಿತ್ತು. ಎದೆ ಹೊಡೆದುಕೊಳ್ಳುತ್ತಿದೆಯೋ ತಿಳಿಯಲಿಲ್ಲ. ಕಾಲುವೆಯ ನೀರಿನ ಸದ್ದು ಎಲ್ಲೋ ಗೋಡೆಯಾಚೆ ಇದ್ದಂತಿತ್ತು. ಮೆಟ್ಟಿಲ ನಡುವೆ ಕಣ್ಣು ಕತ್ತಲೆಗಟ್ಟಿತು. ಉಸಿರಾಡುವುದನ್ನು ಮರೆತಿದ್ದ. ಬಾಯಿ ತೆರೆದು, ಬೇಕೆಂದೇ, ಗಾಳಿ ಎಳೆದುಕೊಂಡ. ಮತ್ತೆ ಎಳೆದುಕೊಂಡ.

ಆಗ ಮೇಲಿನಿಂದ ಸದ್ದು. ಠಕ್.

ಅಂಗೈಗೆ ಬೆಂಕಿ ಬಿತ್ತು. ಅವನು ಕಿರುಚಿದ.

ಠಕ್. ಭುಜದೊಳಗೆ ಉಳಿ ಇಳಿಯಿತು.

"ಫುಮಿನೊ, ಬೇಡ. ನಿಲ್ಲಿಸು."

ಠಕ್. ಚಳಿ. ಪಾದದಿಂದ ನೆತ್ತಿಯವರೆಗೆ ಚಳಿ. ಹಲ್ಲು ಕಡಿಯಿತು. ತೆವಳಿದ. ಕಮಾನು ದಾಟಿದ. ಕೈ ಊರಿದ, ಚರ್ಮವಿಲ್ಲದ ಕೈ. ಗುಡಿ ದಾಟಿದ. ಮರ. ಮರದ ಮುಂದೆ ಅವಳ ಬೆನ್ನು. ಎತ್ತಿದ ಕಲ್ಲು.

"ಬೇಡ ಕಣೆ."

ಠಕ್.

ತಮಾಕಿ. ಅವಳ ಒದ್ದೆ ಕೂದಲು ಅವನ ಗಲ್ಲಕ್ಕೆ ಅಂಟಿಕೊಂಡಿತ್ತು. ಅವಳ ಒಂದು ಚಪ್ಪಲಿ ಹೊಳೆಯಲ್ಲಿ ಹೋಗಿತ್ತು. ಅವಳು ಭಾರವಾಗಿದ್ದಳು, ಎಷ್ಟು ಭಾರವಾಗಿದ್ದಳು. ಇಸಾವೊ ಹಿಮಕ್ಕೆ ಮುಖ ಒತ್ತಿ ಕೂಗಿದ. ಬೇಸಿಗೆಯಿಂದ ಗಂಟಲಲ್ಲಿ ಉಳಿದುಹೋಗಿದ್ದದ್ದೆಲ್ಲ ಆಗ ಹೊರಗೆ ಬಂತು.

ಅವನು ತಲೆಯೆತ್ತಿದಾಗ ಫುಮಿನೊ ಕಲ್ಲನ್ನು ಕೆಳಗಿಟ್ಟು ನಿಂತಿದ್ದಳು. ಕಿವಿಯ ಪಕ್ಕ ಕೂದಲನ್ನು ಒರಟೊರಟಾಗಿ ಕತ್ತರಿಸಿಕೊಂಡಿದ್ದಳು. ಕತ್ತರಿಸಿದ ಜಡೆ ಮೊಳೆಯ ಕೆಳಗೆ ಮರಕ್ಕೆ ಅಂಟಿ ತೂಗುತ್ತಿತ್ತು. ಅವಳ ಕಾಲ್ಬೆರಳು ನೀಲಿಗಟ್ಟಿದ್ದವು.

"ಯಾಕೆ ಮಾಡಿದೆ? ನಾನು ಸಾಯ್ತಿದ್ದೆ, ಸಾಯಲಿ ಅಂತ ಬಿಡಬೇಕಿತ್ತು. ನಂಗೋಸ್ಕರ ಯಾಕೆ..."

"ನಿಮಗೋಸ್ಕರ ಅಂತ ತಿಳ್ಕೋಬೇಡಿ," ಎಂದಳು ಫುಮಿನೊ. ಬಸ್ಸಿನ ವೇಳೆ ಹೇಳುವವಳ ದನಿ. "ನಿಮ್ಮನ್ನ ನೋಡಿ ನಂಗೆ ಹೊಟ್ಟೆಕಿಚ್ಚಾಯ್ತು. ನಂಗೆ ಬೇಕಿತ್ತು."

ಅವನು ಮರಕ್ಕೆ ಹಾರಿ ಮೊಳೆ ಹಿಡಿದು ಎಳೆದ. ಎರಡೂ ಕೈಯಿಂದ ಎಳೆದ, ರಕ್ತಕ್ಕೆ ಬೆರಳು ಜಾರಿತು. ಹಲ್ಲಿನಿಂದ ಕಚ್ಚಿ ಎಳೆದ. ಮೊಳೆ ಮರವೇ ಆಗಿಬಿಟ್ಟಿತ್ತು. ಕೂಗು ಕೇಳಿ ಏದುಸಿರಿನಲ್ಲಿ ಹತ್ತಿ ಬಂದ ತೋಸೆ ಅವನ ಸೊಂಟ ಹಿಡಿದು ಹಿಂದಕ್ಕೆಳೆದಳು.

"ಬಿಡಿ ಅಪ್ಪಾ. ಅದು ಇನ್ನು ಬರಲ್ಲ. ನಮ್ಮ ಕಾಲಕ್ಕಂತೂ ಬರಲ್ಲ."

ಫುಮಿನೊ ಅವರಿಬ್ಬರನ್ನೂ ನೋಡುತ್ತ ನಿಂತಳು. "ನೀವು ಹೇಳಿದ್ದು ನಿಜ," ಎಂದಳು ಗಂಡನಿಗೆ. "ತುಂಬ ನಿಶ್ಶಬ್ದ."

ಮಾರನೆಯ ದಿನ ದಾರಿ ತೆರೆಯಿತು. ಪಟ್ಟಣದ ಆಸ್ಪತ್ರೆಯಲ್ಲಿ ಅವಳ ಎರಡು ಕಾಲ್ಬೆರಳು ತೆಗೆದರು. ಅರಿವಳಿಕೆ ಬೇಡವೆಂದು ಅವಳು ಹೇಳಿದ್ದನ್ನು ವೈದ್ಯರು ಕೇಳಲಿಲ್ಲ.

ಈಗ ಮನೆಯಲ್ಲಿ ಅವಳು ಸ್ನಾನಕ್ಕಿಳಿಯುವ ಮೊದಲು ಇಸಾವೊ ನೀರು ಮುಟ್ಟಿ ನೋಡುತ್ತಾನೆ. ಮೀನಿನ ಮುಳ್ಳು ತೆಗೆದು ಬಡಿಸುತ್ತಾನೆ. ಮಲಗುವ ಮೊದಲು ಅವಳ ಅಂಗಾಲು, ಮೊಣಕೈ, ಬೆನ್ನು ನೋಡುತ್ತಾನೆ, ಅವಳಿಗೆ ತಿಳಿಯದೆ ಎಲ್ಲಾದರೂ ಗಾಯವಾಗಿದೆಯೇ ಎಂದು. ಅವಳು ಬೇಡವೆನ್ನುವುದಿಲ್ಲ.

ಬೇಸಿಗೆ ಬಂತು. ತಮಾಕಿ ಹೋಗಿ ವರುಷ ತುಂಬಿದ ದಿನ ಅವನು ಮಗಳ ಫೋಟೊದ ಮುಂದೆ ಊದುಬತ್ತಿ ಹಚ್ಚಿ ಅಳುತ್ತ ಕೂತಿದ್ದ. ಫುಮಿನೊ ಬಂದು ಪಕ್ಕದಲ್ಲಿ ಮಂಡಿಯೂರಿ, ವಾಲಿಬಿದ್ದ ಬತ್ತಿಯೊಂದನ್ನು ನೆಟ್ಟಗೆ ಮಾಡಲು ಅದರ ಕೆಂಡದ ತುದಿಯನ್ನೇ ಹಿಡಿದುಕೊಂಡಳು. ವಾಸನೆ ಬಂದ ಮೇಲೆ ಅವನು ನೋಡಿದ್ದು. ಅವಳ ಬೆರಳುಗಳನ್ನು ಬಿಡಿಸಿ ನೀರಲ್ಲಿ ಅದ್ದಿ ಬಟ್ಟೆ ಸುತ್ತಿದ. ಸುತ್ತುವಾಗ ಪ್ರತಿ ಸಲ ಕೇಳುವುದನ್ನೇ ಕೇಳಿದ.

"ನೋವಾಯ್ತಾ?"

ಫುಮಿನೊ ಪ್ರಾಮಾಣಿಕವಾಗಿ ಯೋಚಿಸಿದಳು. ಬೆರಳು ನೋಡಿದಳು, ಫೋಟೊ ನೋಡಿದಳು, ಅವನ ಒದ್ದೆ ಮುಖವನ್ನೂ ನೋಡಿದಳು.

"ಇಲ್ಲ," ಎಂದಳು. "ನಿಮಗೆ?"